ಹಳೆ ಜೀಪಿನ ಸ್ಟೇರಿಂಗ್ ನಡುಗುವುದೇಕೆ? ಶ್ಯಾಕಲ್, ಬೆಣೆ ಮತ್ತು 3 ಡಿಗ್ರಿಯ ಲೆಕ್ಕ

ಗಲ್ಫಿನಿಂದ ರಜೆಗೆ ಬಂದ ಮಗ ಶೆಡ್ಡಿನಲ್ಲಿ ನಿಂತಿದ್ದ ಉಪ್ಪನ ಜೀಪನ್ನು ಹೊರಗೆ ತೆಗೆಯುತ್ತಾನೆ. ಬಣ್ಣ ಹೊಡೆಸಿ, ದಪ್ಪ ಟಯರ್ ಹಾಕಿ, ಮುಂಭಾಗವನ್ನು ಸ್ವಲ್ಪ ಎತ್ತರಿಸಿ, ಫ್ರೆಂಡ್ಸ್ ಜೊತೆ ಹೊರಡುತ್ತಾನೆ. ಬದಿಯಡ್ಕದ ಒಳರಸ್ತೆಯಲ್ಲಿ ಎಲ್ಲವೂ ಚಂದ. ಅಗಲವಾದ ಎನ್‌ಎಚ್ 66ಕ್ಕೆ ಹತ್ತಿ ಐವತ್ತರ ವೇಗ ಮುಟ್ಟಿದಾಗ ಒಂದು ಸಣ್ಣ ಗುಂಡಿ ಸಿಕ್ಕಿದರೆ ಸಾಕು, ಸ್ಟೇರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ. ಮುಂದಿನ ಎರಡೂ ಚಕ್ರಗಳು ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳುತ್ತವೆ. ಗಾಡಿ ಬಹುತೇಕ ನಿಲ್ಲುವವರೆಗೂ ನಡುಕ ಬಿಡುವುದಿಲ್ಲ. ಹಿಂದೆ ಲಾರಿ ಇದ್ದರೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಜೀಪು ಅಲೈನ್‌ಮೆಂಟ್ ಅಂಗಡಿಗೆ ಹೋದರೆ ಕಂಪ್ಯೂಟರ್ ಪರದೆಯಲ್ಲಿ ಕೆಂಪು ಅಂಕಿಗಳು ಕಾಣುತ್ತವೆ. ಹುಡುಗ ಟೈ ರಾಡ್ ತಿರುಗಿಸಿ ಒಂದನ್ನು ಹಸಿರು ಮಾಡಿ "ಇಷ್ಟೇ ಆಗುವುದು" ಎನ್ನುತ್ತಾನೆ. ಅವನು ಹೇಳುವುದು ಸುಳ್ಳಲ್ಲ. ಕಾರಿನಲ್ಲಿರುವಂತೆ ಪ್ರತಿ ಚಕ್ರಕ್ಕೂ ಬೇರೆ ಬೇರೆ ಆರ್ಮ್ ಈ ಜೀಪಿನಲ್ಲಿಲ್ಲ. ಒಂದೇ ಗಟ್ಟಿ ಆಕ್ಸಲ್ ಎರಡು ಲೀಫ್ ಸ್ಪ್ರಿಂಗ್‌ಗಳಿಗೆ, ಅಂದರೆ ನಮ್ಮ ಗ್ಯಾರೇಜಿನ ಮಾತಲ್ಲಿ ಪ್ಲೇಟ್‌ಗಳಿಗೆ, ಯು ಬೋಲ್ಟ್‌ನಿಂದ ಬಿಗಿಯಲ್ಪಟ್ಟಿರುತ್ತದೆ. ನಟ್ ತಿರುಗಿಸಿ ಬದಲಿಸಬಹುದಾದದ್ದು ಟೋ ಮಾತ್ರ. ಚಕ್ರದ ಓರೆಯಾದ ಕ್ಯಾಂಬರ್ ಆಕ್ಸಲ್ ತಯಾರಾಗುವಾಗಲೇ ನಿಗದಿಯಾಗಿರುತ್ತದೆ. ಮೂರನೆಯದಾದ ಕ್ಯಾಸ್ಟರ್, ಪ್ಲೇಟ್ ಮೇಲೆ ಆಕ್ಸಲ್ ಹೇಗೆ ಕುಳಿತಿದೆ ಎಂಬುದನ್ನು ಅವಲಂಬಿಸಿದೆ. ನಡುಕದ ಮೂಲ ಹೆಚ್ಚಾಗಿ ಇಲ್ಲೇ ಇರುತ್ತದೆ.

ಸೈಕಲ್ಲಿನ ಮುಂದಿನ ಫೋರ್ಕನ್ನು ನೆನಪು ಮಾಡಿಕೊಳ್ಳಿ. ಅದು ನೆಟ್ಟಗಿಲ್ಲ, ಮೇಲ್ತುದಿ ಸವಾರನ ಕಡೆಗೆ ವಾಲಿದೆ. ಕೈಬಿಟ್ಟು ಸೈಕಲ್ ಓಡಿಸಲು ಸಹಾಯ ಮಾಡುವುದು ಆ ವಾಲಿಕೆ. ಜೀಪಿನಲ್ಲಿ ಫೋರ್ಕಿನ ಕೆಲಸವನ್ನು ಕಿಂಗ್ ಪಿನ್ ಮಾಡುತ್ತದೆ. ಅದರ ತಲೆ ಹಿಂದಕ್ಕೆ ವಾಲಿದ್ದರೆ ಚಕ್ರ ತಾನಾಗಿ ನೇರಕ್ಕೆ ಬರುತ್ತದೆ. ವಾಲಿಕೆ ಸೊನ್ನೆಯ ಹತ್ತಿರ ಬಂದರೆ ಚಕ್ರಕ್ಕೆ ದಿಕ್ಕೇ ಇರುವುದಿಲ್ಲ.

1953ರಲ್ಲಿ ವಿಲ್ಲಿಸ್ ಕಂಪೆನಿ ಹೊರತಂದ, ನಂತರ ಮಹೀಂದ್ರಾ ನಮ್ಮಲ್ಲಿ ದಶಕಗಳ ಕಾಲ ತಯಾರಿಸಿದ ಎತ್ತರ ಬಾನೆಟ್ಟಿನ ಸಿಜೆ-3ಬಿ ಜೀಪಿಗೆ ಕೊಟ್ಟಿರುವ ಅಳತೆ ಹೀಗಿದೆ: ಕ್ಯಾಸ್ಟರ್ 3 ಡಿಗ್ರಿ, ಕ್ಯಾಂಬರ್ ಒಂದೂವರೆ ಡಿಗ್ರಿ, ಟೋ-ಇನ್ ಒಂದು ಇಂಚಿನ 64ರಲ್ಲಿ 3 ಭಾಗದಿಂದ 32ರಲ್ಲಿ 3 ಭಾಗದವರೆಗೆ, ಅಂದರೆ ಸುಮಾರು 1.2ರಿಂದ 2.4 ಮಿಲಿಮೀಟರ್.

ಈ 3 ಡಿಗ್ರಿ ಎಲ್ಲಿ ಹೋಯಿತು? ಉದ್ದ ಶ್ಯಾಕಲ್ ಹಾಕಿದವರು ಇದನ್ನು ಗಮನಿಸಬೇಕು. ಈ ಜೀಪಿನಲ್ಲಿ ಮುಂದಿನ ಪ್ಲೇಟಿನ ಹಿಂತುದಿ ಚಾಸಿಗೆ ಪಿನ್ ಆಗಿದ್ದು, ಮುಂತುದಿ ಶ್ಯಾಕಲ್‌ನಲ್ಲಿ ತೂಗುತ್ತದೆ. ಎತ್ತರಕ್ಕಾಗಿ ಶ್ಯಾಕಲನ್ನು 2 ಇಂಚು ಉದ್ದ ಮಾಡಿದರೆ ಪ್ಲೇಟಿನ ಮುಂತುದಿ ಚಾಸಿಗಿಂತ ಅಷ್ಟು ಕೆಳಗೆ ಇಳಿಯುತ್ತದೆ. ಪ್ಲೇಟಿನ ಉದ್ದ ಸುಮಾರು 36 ಇಂಚು. ಅದರ ಒಂದು ತುದಿ 2 ಇಂಚು ಇಳಿದರೆ ಪ್ಲೇಟ್ ಸುಮಾರು 3 ಡಿಗ್ರಿ ತಿರುಗುತ್ತದೆ. ಆಕ್ಸಲ್ ಕೂಡ ಅದರ ಜೊತೆಗೇ ತಿರುಗಿ ಕಿಂಗ್ ಪಿನ್ನಿನ ತಲೆ ಮುಂದಕ್ಕೆ ಬರುತ್ತದೆ. ಗಾಡಿಯ ಮೂತಿ 1 ಇಂಚು ಮೇಲೆದ್ದದ್ದರಿಂದ, 80 ಇಂಚಿನ ವೀಲ್‌ಬೇಸಿನಲ್ಲಿ, ಮುಕ್ಕಾಲು ಡಿಗ್ರಿಯಷ್ಟು ವಾಪಸ್ ಸಿಗುತ್ತದೆ ನಿಜ. ಆದರೂ ಕೈಯಲ್ಲಿ ಉಳಿಯುವುದು ಒಂದು ಡಿಗ್ರಿಯೂ ಇಲ್ಲ. ಮುಂದಿನದನ್ನು ಹಾಗೇ ಬಿಟ್ಟು ಹಿಂದೆ ಮಾತ್ರ ಭಾರದ ಪ್ಲೇಟ್ ಸೇರಿಸಿದರೂ ಮೂತಿ ತಗ್ಗಿ ಕ್ಯಾಸ್ಟರ್ ಕಮ್ಮಿಯಾಗುತ್ತದೆ.

ಇದಕ್ಕೆ ಮದ್ದು ಬೆಣೆ. ಪ್ಲೇಟಿಗೂ ಆಕ್ಸಲ್‌ನ ಕೂರುವ ಜಾಗಕ್ಕೂ ನಡುವೆ 2 ಅಥವಾ 4 ಡಿಗ್ರಿಯ ಓರೆ ತುಂಡು ಇಟ್ಟು ಬಿಗಿಯುವುದು. ಯಾವ ಕಡೆ ದಪ್ಪ ಎಂಬುದರಲ್ಲಿ ಹಲವರು ತಪ್ಪುತ್ತಾರೆ. ಪ್ಲೇಟ್ ಆಕ್ಸಲ್‌ನ ಅಡಿಯಲ್ಲಿದ್ದರೆ ದಪ್ಪ ತುದಿ ಮುಂದಕ್ಕೆ. ಪ್ಲೇಟನ್ನು ಆಕ್ಸಲ್ ಮೇಲಕ್ಕೆ ಏರಿಸಿದ್ದರೆ ದಪ್ಪ ತುದಿ ಹಿಂದಕ್ಕೆ. ಉಲ್ಟಾ ಇಟ್ಟರೆ ಇದ್ದ ಕ್ಯಾಸ್ಟರ್ ಕೂಡ ಹೋಗುತ್ತದೆ. ಬೆಣೆ ಉಕ್ಕಿನದ್ದೇ ಆಗಬೇಕು; ಅಲ್ಯೂಮಿನಿಯಂ ತುಂಡು ಹೊಡೆತಕ್ಕೆ ಜಜ್ಜಿಹೋಗಿ ಯು ಬೋಲ್ಟ್ ಸಡಿಲವಾಗುತ್ತದೆ. ಒಂದರ ಮೇಲೊಂದು ಬೆಣೆ ಪೇರಿಸುವುದೂ ಬೇಡ. ಸೆಂಟರ್ ಬೋಲ್ಟ್ ಅಷ್ಟಕ್ಕೆ ತಕ್ಕಂತೆ ಉದ್ದವಿರಬೇಕು, ಅದರ ತಲೆ ಗುಳಿಯಲ್ಲಿ ಸರಿಯಾಗಿ ಕೂರಬೇಕು. ಯು ಬೋಲ್ಟ್ ಹೊಸದೇ ಹಾಕಿ, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಬಿಗಿಸಬೇಕು.

ಎಷ್ಟು ಡಿಗ್ರಿಯ ಬೆಣೆ ಎಂಬುದನ್ನು ಅಂದಾಜಿನಲ್ಲಿ ಹೇಳುವ ಮೇಸ್ತ್ರಿಯನ್ನು ನಂಬಬೇಡಿ. ಸಮತಟ್ಟು ಸಿಮೆಂಟ್ ನೆಲದಲ್ಲಿ ಚಕ್ರ ನೇರ ಮಾಡಿ ನಿಲ್ಲಿಸಿ, ಕಿಂಗ್ ಪಿನ್ ಮೇಲಿನ ಸಪಾಟು ಕ್ಯಾಪನ್ನು ಒರೆಸಿ ಕೋನಮಾಪಕ ಇಟ್ಟರೆ ವಾಲಿಕೆ ತಿಳಿಯುತ್ತದೆ. 3 ಡಿಗ್ರಿಗೆ ಎಷ್ಟು ಕಮ್ಮಿಯೋ ಅಷ್ಟರದ್ದೇ ಬೆಣೆ. ಜಾಸ್ತಿ ಕೊಟ್ಟರೆ ಪವರ್ ಸ್ಟೇರಿಂಗ್ ಇಲ್ಲದ ಗಾಡಿಯನ್ನು ತಿರುಗಿಸಲು ಭುಜ ನೋಯುತ್ತದೆ.

ಫೋರ್ ವೀಲ್ ಡ್ರೈವ್ ಜೀಪಿಗೆ ಇನ್ನೊಂದು ಮಿತಿಯಿದೆ. ಕಿಂಗ್ ಪಿನ್ನಿನ ತಲೆಯನ್ನು ಹಿಂದಕ್ಕೆ ವಾಲಿಸಿದಂತೆ ಡಿಫರೆನ್ಶಿಯಲ್‌ನ ಮೂತಿ ನೆಲದ ಕಡೆಗೆ ತಿರುಗುತ್ತದೆ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸಿಗೆ ಕೋನ ಹೆಚ್ಚುತ್ತದೆ. ಗುಡ್ಡ ಹತ್ತುವಾಗ ಮುಂದಿನ ಗೇರ್ ಹಾಕಿದರೆ ಗಡಗಡ ಶುರು. ಅಲ್ಲಿಗೆ ಬೆಣೆ ನಿಲ್ಲಿಸಿ, ಶ್ಯಾಕಲನ್ನು ಹಳೆ ಅಳತೆಗೆ ತರುವುದೇ ಲೇಸು. ಆಕ್ಸಲ್ ತುದಿಯ ನಕಲ್ ಕತ್ತರಿಸಿ ತಿರುಗಿಸಿ ವೆಲ್ಡ್ ಮಾಡುವವರೂ ಇದ್ದಾರೆ. ಆ ಒಂದು ವೆಲ್ಡ್ ಬಿಟ್ಟರೆ ಚಕ್ರವೇ ಹೋಗುತ್ತದೆ. ದಾರಿಬದಿಯ ಗ್ಯಾರೇಜಿನ ಕೆಲಸವಲ್ಲ. ಕ್ಯಾಂಬರ್ ಸರಿಮಾಡಲು ಗ್ಯಾಸ್ ಬೆಂಕಿಯಲ್ಲಿ ಆಕ್ಸಲ್ ಕಾಯಿಸಿ ಬಗ್ಗಿಸುವುದೂ ಹಾಗೇ, ಕಾದ ಕಡೆ ಉಕ್ಕಿನ ಬಲ ಹೋಗುತ್ತದೆ.

ಇದೆಲ್ಲಕ್ಕೂ ಮೊದಲು ಸವೆತ ನೋಡಬೇಕು. ಜ್ಯಾಕ್ ಹಾಕಿ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ವೀಲ್ ಬೇರಿಂಗ್, ಕಿಂಗ್ ಪಿನ್ ಬೇರಿಂಗ್ ಸಡಿಲವಿದ್ದರೆ ಕೈಗೇ ಗೊತ್ತಾಗುತ್ತದೆ. ಟೈ ರಾಡ್ ಎಂಡ್, ಪ್ಲೇಟ್ ಬುಷ್, ಹಳೆ ಮಾದರಿಗಳ ಬೆಲ್ ಕ್ರ್ಯಾಂಕ್ ಇವುಗಳಲ್ಲಿ ಆಟವಿದ್ದರೆ ಯಾವ ಬೆಣೆಯೂ ಉಪಕಾರಕ್ಕೆ ಬರುವುದಿಲ್ಲ. ಸ್ಟೇರಿಂಗ್ ಡ್ಯಾಂಪರ್ ಹಾಕಿ ಕೈತೊಳೆದುಕೊಳ್ಳುವುದಂತೂ ಜ್ವರಕ್ಕೆ ಮಾತ್ರೆ ನುಂಗಿದ ಹಾಗೆ, ಕಾಯಿಲೆ ಒಳಗೇ ಉಳಿಯುತ್ತದೆ. ಹೊರಕ್ಕೆ ಚಾಚಿದ ದಪ್ಪ ಟಯರ್ ಕಳಚಿ ಹಳೆಯದನ್ನೇ ಹಾಕಿದಾಗ ಅರ್ಧ ನಡುಕ ನಿಂತ ಜೀಪುಗಳೂ ಇವೆ.

ಟೋ ಕೊನೆಗೆ. ಕ್ಯಾಸ್ಟರ್ ಬದಲಾದರೆ ಟೋ ಕೂಡ ಬದಲಾಗುವುದರಿಂದ ಮೊದಲೇ ಮಾಡಿದರೆ ಹಣ ದಂಡ. ಯಂತ್ರವಿಲ್ಲದಿದ್ದರೂ ಆಗುತ್ತದೆ: ಎರಡೂ ಟಯರಿನ ಹಿಂಬದಿಯಲ್ಲಿ, ಆಕ್ಸಲ್ ಎತ್ತರಕ್ಕೆ, ಚಾಕ್‌ನಿಂದ ಗುರುತು ಹಾಕಿ ನಡುವಿನ ದೂರ ಅಳೆಯಿರಿ. ಅದೇ ಗುರುತು ಮುಂದೆ ಬರುವಷ್ಟು ಜೀಪನ್ನು ತಳ್ಳಿ ಮತ್ತೆ ಅಳೆಯಿರಿ. ಮುಂದಿನ ಅಳತೆ ಒಂದೆರಡು ಮಿಲಿಮೀಟರ್ ಕಮ್ಮಿ ಇರಬೇಕು.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪೆನಿ ಕೊಟ್ಟ ವಿವರಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಸವೆದದ್ದನ್ನು ಮೂಲ ಅಳತೆಗೆ ತರುವುದು ಬೇರೆ, ಎತ್ತರಿಸಿ ಅಗಲಿಸುವುದು ಬೇರೆ. 15 ವರ್ಷ ದಾಟಿದ ಖಾಸಗಿ ಜೀಪಿನ ಆರ್‌ಸಿಯನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕಾಗಿರುವುದರಿಂದ, ಉದ್ದ ಶ್ಯಾಕಲ್‌ಗೆ ದುಡ್ಡು ಕೊಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಒಮ್ಮೆ ವಿಚಾರಿಸಿದರೆ ಅದನ್ನು ಮತ್ತೆ ಬಿಚ್ಚಿಸುವ ಖರ್ಚು ಉಳಿಯುತ್ತದೆ.