ನಿಷೇಧಕ್ಕೂ ಮಿಗಿಲಾದ ‘ಸಂಸ್ಕಾರ’

ಅತ್ಯುತ್ತಮ ಕಥಾಚಿತ್ರಕ್ಕೆ ನೀಡುವ ರಾಷ್ಟ್ರಪತಿ ಚಿನ್ನದ ಪದಕ ಪಡೆದ ಮೊದಲ ಕನ್ನಡ ಚಿತ್ರ ‘ಸಂಸ್ಕಾರ’. ಆ ಚಿತ್ರವನ್ನು ಜನ ನೋಡಲೇಕೂಡದು ಎಂದು ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ತೀರ್ಮಾನಿಸಿತ್ತು. ಒಂದು ಸಮುದಾಯದ ಭಾವನೆಗೆ ಧಕ್ಕೆಯಾದೀತು ಎಂಬುದು ಆತಂಕ. ಮೇಲ್ಮನವಿಯ ನಂತರ ಕೇಂದ್ರ ಸರ್ಕಾರ ಆ ತಡೆ ತೆರವುಗೊಳಿಸಿತು. 1970ರಲ್ಲಿ ಚಿತ್ರ ಬಿಡುಗಡೆಯಾಯಿತು, ಪದಕವೂ ಬಂತು.

ನಿಷೇಧಕ್ಕೆ ಒಳಗಾದದ್ದು ಚಿತ್ರವೇ ಹೊರತು ಯು.ಆರ್. ಅನಂತಮೂರ್ತಿಯವರ ಕಾದಂಬರಿಯಲ್ಲ. ಆದರೆ ವಿವಾದದ ಬೇರು ಇದ್ದದ್ದು 1965ರ ಆ ಪುಟ್ಟ ಪುಸ್ತಕದಲ್ಲೇ. ಬೇಡವೆಂದದ್ದನ್ನು ನೋಡುವ ಕುತೂಹಲ ಎಲ್ಲರಿಗೂ ಇರುತ್ತದೆ, ನಿಜ. ಆದರೆ ಆ ಕುತೂಹಲ ಎಷ್ಟು ದಿನ ಬಾಳೀತು? ತಡೆ ತೆರವಾಗಿ ಅರ್ಧ ಶತಮಾನ ಕಳೆದ ಮೇಲೂ ಪುಸ್ತಕವನ್ನು ಜನ ಓದುತ್ತಿದ್ದಾರೆ ಎಂದರೆ ಕಾರಣ ಬೇರೆಡೆ ಇರಬೇಕು.

ಕಥೆ ಸರಳ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಪ್ಲೇಗಿನಿಂದ ಸಾಯುತ್ತಾನೆ. ಮಾಂಸ ತಿಂದವನು, ಚಂದ್ರಿ ಎಂಬ ಬೇರೆ ಜಾತಿಯ ಹೆಣ್ಣನ್ನು ಇಟ್ಟುಕೊಂಡವನು. ಅವನ ಶವಸಂಸ್ಕಾರ ಮಾಡುವವರು ಯಾರು? ಹೆಣ ಎತ್ತುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಮಾಡುವುದಿಲ್ಲ ಎಂದವರೇ, ಚಂದ್ರಿ ತನ್ನ ಒಡವೆ ಬಿಚ್ಚಿಟ್ಟಾಗ ಆಸೆಗಣ್ಣು ಬಿಡುತ್ತಾರೆ. ಪ್ರಾಣೇಶಾಚಾರ್ಯರು ಧರ್ಮಗ್ರಂಥಗಳಲ್ಲಿ ಉತ್ತರ ಹುಡುಕುತ್ತಾರೆ, ಮಾರುತಿಯನ್ನು ಕೇಳುತ್ತಾರೆ. ಉತ್ತರ ಸಿಗುವುದಿಲ್ಲ. ಕೊನೆಗೆ ಅದೇ ರಾತ್ರಿ ಕಾಡಿನಲ್ಲಿ ಚಂದ್ರಿಯನ್ನು ಕೂಡಿ, ತಾವೂ ನಾರಣಪ್ಪನ ಸಾಲಿಗೇ ಸೇರಿಬಿಡುತ್ತಾರೆ. ಇತ್ತ ಶಾಸ್ತ್ರಗಳು ತೀರ್ಮಾನಿಸಲಾಗದ ಕೆಲಸವನ್ನು ಚಂದ್ರಿ ಒಬ್ಬ ಮುಸಲ್ಮಾನನ ನೆರವಿನಿಂದ ಸದ್ದಿಲ್ಲದೆ ಮುಗಿಸುತ್ತಾಳೆ.

ಇದನ್ನು ಬರೆದವರು ಹೊರಗಿನಿಂದ ಇಣುಕಿದವರಲ್ಲ. ಅನಂತಮೂರ್ತಿ ಹುಟ್ಟಿದ್ದು 1932ರಲ್ಲಿ, ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ. ಓದು ಆರಂಭಿಸಿದ್ದು ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯಲ್ಲಿ. ಕಾದಂಬರಿಯ ಅಗ್ರಹಾರದ ಹೆಸರೇ ಅವರ ಬಾಲ್ಯದ್ದು. ಪ್ರಾಣೇಶಾಚಾರ್ಯರು ಹಾದುಹೋಗುವ ಮೇಳಿಗೆಯ ಜಾತ್ರೆಯೂ ಅಷ್ಟೇ. ಚಿಕ್ಕಂದಿನಲ್ಲಿ ಪ್ಲೇಗು ಬಂದಾಗ ಅಗ್ರಹಾರಕ್ಕೆ ಸಿಕ್ಕ ಚುಚ್ಚುಮದ್ದು ದಲಿತರ ಗುಡಿಸಲುಗಳಿಗೆ ಸಿಗಲಿಲ್ಲ. ಸೈನಿಕನೊಬ್ಬನ ಜೊತೆ ಊರು ಬಿಟ್ಟ ಹುಡುಗಿ ಬದುಕಿಕೊಂಡಳು. ಕಥೆಯ ಬೀಜ ಆ ನೆನಪಿನಲ್ಲಿದೆ ಎಂದು ಅವರೇ ಹೇಳಿಕೊಂಡಿದ್ದರು. 1956ರಲ್ಲಿ ಅವರು ಕ್ರೈಸ್ತ ಕುಟುಂಬದ ಎಸ್ತರ್ ಅವರನ್ನು ಮದುವೆಯಾದರು. ಮುಂದೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಬರ್ಗ್‌ಮನ್‌ನ ‘ಸೆವೆಂತ್ ಸೀಲ್’ ಚಿತ್ರ ನೋಡಿದ್ದು, ಎಲ್ಲೋ ಅಡಗಿದ್ದ ಊರಿನ ನೆನಪನ್ನು ಕೆದಕಿತು.

ಮನೆಯ ಮಗನೇ ಮನೆಯ ಗುಟ್ಟು ಹೇಳಿದರೆ ಸಿಟ್ಟು ಹೆಚ್ಚು. ಮಾಧ್ವ ಸಮಾಜವನ್ನು ವಿಕಾರವಾಗಿ ತೋರಿಸಿದರು ಎಂಬ ಆಕ್ಷೇಪ ಬಂದದ್ದು ಅದರಿಂದಲೇ. ಆದರೆ ಲೇಖಕರು ನಾರಣಪ್ಪನನ್ನು ವೀರನನ್ನಾಗಿ ಮಾಡಲಿಲ್ಲ. ಆಚಾರ್ಯರನ್ನು ಕಪಟಿಯೆಂದು ತಳ್ಳಿಹಾಕಲೂ ಇಲ್ಲ. ಆಚಾರ್ಯರ ಪೇಚಾಟದಲ್ಲಿ ತಾವೂ ಪಾಲುದಾರರು ಎಂಬಂತೆ ಬರೆದರು. ಹಾಗಾಗಿ ಓದುಗ ನ್ಯಾಯಾಧೀಶನ ಕುರ್ಚಿಯಲ್ಲಿ ನೆಮ್ಮದಿಯಾಗಿ ಕೂರಲಾರ.

ಈ ಪುಸ್ತಕ ಅಗ್ರಹಾರವನ್ನೇ ಕಾಣದವರನ್ನೂ ಹಿಡಿದಿಡುವುದು ಇದಕ್ಕೇ. ಬೆಂಗಳೂರು–ಮೈಸೂರು ರೈಲು ಹಾದುಹೋಗುವ ನಮ್ಮ ಯಲಿಯೂರಿಗೂ ಮಲೆನಾಡಿನ ದೂರ್ವಾಸಪುರಕ್ಕೂ ಏನು ಸಂಬಂಧ? ಕಬ್ಬು, ಭತ್ತದ ಬಯಲಿನ ಓದುಗನಿಗೆ ಮಾಧ್ವ ಶಾಸ್ತ್ರದ ಸೂಕ್ಷ್ಮಗಳು ತಿಳಿಯದಿರಬಹುದು. ಆದರೆ ಹೆಣ ಎದುರಿಗಿರುವಾಗ ಒಲೆ ಉರಿಯದ ಸಂಕಟ, ಹೆಗಲು ಕೊಡುವವರು ಯಾರೆಂಬ ಗುಸುಗುಸು, ಸಾವಿನ ಮನೆಯಲ್ಲೂ ಒಡವೆಯ ಮೇಲೆ ಹರಿಯುವ ಕಣ್ಣು ಯಾವ ಊರಿಗೆ ಹೊಸದು?

ಚಿತ್ರ ಮಾಡಿದವರೂ ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಂಡವರಲ್ಲ. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ. ಆಚಾರ್ಯರಾಗಿ ಗಿರೀಶ ಕಾರ್ನಾಡ, ನಾರಣಪ್ಪನಾಗಿ ಪಿ. ಲಂಕೇಶ್. ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿ ತುರ್ತುಪರಿಸ್ಥಿತಿಯಲ್ಲಿ ಬಂಧನಕ್ಕೊಳಗಾಗಿ, ಬೆಂಗಳೂರು ಜೈಲಿನಲ್ಲಿ ಆರೋಗ್ಯ ಕಳೆದುಕೊಂಡು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

1976ರಲ್ಲಿ ಎ.ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ ಕಾದಂಬರಿಯನ್ನು ಹೊರನಾಡಿಗೆ ಒಯ್ದಿತು. 1994ರ ಜ್ಞಾನಪೀಠ ಅನಂತಮೂರ್ತಿಯವರದಾಯಿತು. 2012ರಲ್ಲಿ ಆತ್ಮಕಥೆ ‘ಸುರಗಿ’ ಬಂತು. 2014ರಲ್ಲಿ ಅವರು ತೀರಿಕೊಂಡರು. ಸ್ಮಶಾನಕ್ಕೆ ಜಾಗವಿಲ್ಲವೆಂದು ದಲಿತ ಕುಟುಂಬಗಳು ಶವವನ್ನು ರಸ್ತೆಯಲ್ಲಿಟ್ಟು ಪ್ರತಿಭಟಿಸಿದ ಸುದ್ದಿ ಇಂದಿಗೂ ರಾಜ್ಯದ ಜಿಲ್ಲಾ ಪುಟಗಳಲ್ಲಿ ಬರುತ್ತಿರುತ್ತದೆ. ದೂರ್ವಾಸಪುರದ ಪ್ರಶ್ನೆ ತೀರಿಲ್ಲ. ಪುಸ್ತಕದ ಓದೂ ಮುಗಿದಿಲ್ಲ.