ಹಳೆಯ 555, ಹೊಸ ಮಿತವ್ಯಯ

ಬೈಲಹೊಂಗಲ, ಕಿತ್ತೂರು ಕಡೆಯ ಕಬ್ಬಿನ ಹೊಲಗಳಲ್ಲಿ, ಸವದತ್ತಿ, ರಾಮದುರ್ಗದ ಮಲಪ್ರಭೆಯ ದಂಡೆಯಲ್ಲಿ ರಾತ್ರಿ ನೀರು ಹಾಯಿಸುವವರನ್ನು ನೀವು ಕಂಡಿರುತ್ತೀರಿ. ಕರೆಂಟು ಬಂದಾಗಲೇ ಪಂಪು. ನೀರು ಕೊನೆಯ ಸಾಲು ಮುಟ್ಟಿತೇ ಎಂದು ಹಾವು-ಚೇಳಿನ ಭಯದಲ್ಲೇ ಟಾರ್ಚು ಹಿಡಿದು ಹೋಗಿ ನೋಡಬೇಕು.

ಈ ಕಾವಲನ್ನು ನಿಮ್ಮ ಪ್ರಯೋಗಶಾಲೆಯ 555 ಟೈಮರ್ ಐ.ಸಿ. ಮಾಡಬಲ್ಲದು. ಪಠ್ಯದಲ್ಲಿರುವ ಮಾನೋಸ್ಟೇಬಲ್ ಮಂಡಲವೇ ಸಾಕು. ಎರಡನೆಯ ಕಾಲನ್ನು 1 ಮೆಗಾಓಮ್ ರೋಧಕದ ಮೂಲಕ ಧನ ತುದಿಗೆ ಜೋಡಿಸಿ. ಆ ಕಾಲಿನಿಂದ ಒಂದು ತಂತಿ, ಋಣ ತುದಿಯಿಂದ ಇನ್ನೊಂದು ತಂತಿಯನ್ನು ಸಾಲಿನ ಕೊನೆಗೆ ಒಯ್ಯಿರಿ. ನೀರು ಎರಡನ್ನೂ ಬೆಸೆದೊಡನೆ ಆ ಕಾಲಿನ ವೋಲ್ಟೇಜು ಮೂರನೆಯ ಒಂದು ಭಾಗಕ್ಕಿಂತ ಕೆಳಗಿಳಿದು ಬಜರ್ ಕೂಗುತ್ತದೆ.

ತೊಡಕಿರುವುದು ಕಾಯುವ ಹೊತ್ತಿನಲ್ಲಿ. ಹಾನ್ಸ್ ಕಾಮೆನ್ಸಿಂಡ್ 1971ರಲ್ಲಿ ಅಮೆರಿಕದ ಸಿಗ್ನೆಟಿಕ್ಸ್ ಸಂಸ್ಥೆಗಾಗಿ ಇದನ್ನು ರೂಪಿಸಿದಾಗ ಬೈಪೋಲಾರ್ ಟ್ರಾನ್ಸಿಸ್ಟರುಗಳನ್ನು ಬಳಸಿದರು. ಅವು ಸುಮ್ಮನಿದ್ದರೂ ಪ್ರವಾಹ ಬೇಡುತ್ತವೆ. ಒಳಗೆ ಸಾಲಾಗಿರುವ ಮೂರು 5 ಕಿಲೋಓಮ್ ರೋಧಕಗಳನ್ನೇ ನೋಡಿ. ಒಟ್ಟು 15 ಕಿಲೋಓಮ್. 9 ವೋಲ್ಟಿಗೆ 0.6 ಮಿಲಿಆಂಪಿಯರ್ ಅಲ್ಲೇ ಹರಿದುಹೋಗುತ್ತದೆ. ಇಡೀ ಐ.ಸಿ.ಗೆ ಸುಮಾರು 5 ಮಿಲಿಆಂಪಿಯರ್ ಬೇಕು. 500 ಮಿಲಿಆಂಪಿಯರ್-ಗಂಟೆಯ 9 ವೋಲ್ಟ್ ಬ್ಯಾಟರಿ ನಾಲ್ಕು ದಿನಕ್ಕೆ ಮುಗಿಯಿತು! ರೈತನಿಗೆ ಇದು ಕಟ್ಟುವ ಬಾಬೇ ಅಲ್ಲ.

ಅದೇ ವಿನ್ಯಾಸವನ್ನು ಸಿ-ಮಾಸ್ ಟ್ರಾನ್ಸಿಸ್ಟರುಗಳಲ್ಲಿ ಮತ್ತೆ ರೂಪಿಸಿದ್ದು 7555, ಟಿ.ಎಲ್.ಸಿ.555ರಂಥ ಐ.ಸಿ.ಗಳು. ಸಿ-ಮಾಸ್‌ನ ದ್ವಾರದಡಿ ಆಕ್ಸೈಡಿನ ನಿರೋಧಕ ಪದರವಿದೆ. ಸ್ಥಿರ ಪ್ರವಾಹ ಬೇಕಿಲ್ಲ. ಮೂರು ರೋಧಕಗಳನ್ನೂ ಹಲವು ಪಟ್ಟು ಹಿಗ್ಗಿಸಿದ್ದಾರೆ. ಟಿ.ಎಲ್.ಸಿ.555ಕ್ಕೆ ಸುಮಾರು ಕಾಲು ಮಿಲಿಆಂಪಿಯರ್ ಸಾಕು. ಅದೇ ಬ್ಯಾಟರಿ ಲೆಕ್ಕಕ್ಕೆ 80 ದಿನ ಕಾಯುತ್ತದೆ. ಹಳೆಯದಕ್ಕೆ ಕನಿಷ್ಠ 4.5 ವೋಲ್ಟ್ ಬೇಕು, ಇದಕ್ಕೆ 2 ಸಾಕು. ರೋಧಕಗಳ ಅನುಪಾತ ಬದಲಾಗಿಲ್ಲವಾದ್ದರಿಂದ ಕಾಲದ ಸೂತ್ರವೂ ಅದೇ, ಎಂಟು ಕಾಲುಗಳ ಜಾಗವೂ ಅದೇ.

ಹಾಗೆಂದು ಹಳೆಯದನ್ನು ಕಿತ್ತು ಇದನ್ನು ಕೂರಿಸಿದರೆ ಮುಗಿಯಲಿಲ್ಲ. ಹಳೆಯ 555ರ ಮೂರನೆಯ ಕಾಲು 200 ಮಿಲಿಆಂಪಿಯರ್ ಕೊಡಬಲ್ಲದು. ಟಿ.ಎಲ್.ಸಿ.555 ಹೊರಗೆ ಕೊಡುವುದು 10ರಷ್ಟು ಮಾತ್ರ. ದೂರಕ್ಕೆ ಕೇಳುವ ಬಜರ್ ಇದರಿಂದ ನೇರವಾಗಿ ಕೂಗದು. ನಡುವೆ ಬಿ.ಸಿ.547 ಟ್ರಾನ್ಸಿಸ್ಟರು, ಅದರ ಬೇಸಿಗೆ 4.7 ಕಿಲೋಓಮ್ ರೋಧಕ ಹಾಕಿರಿ.

ತಂತಿಯ ತುದಿಗಳು ನೆಲಕ್ಕಿಂತ ಎರಡು ಬೆರಳು ಮೇಲಿರಲಿ. ಇಲ್ಲವಾದರೆ ಹಸಿ ಎರೆಮಣ್ಣಿಗೇ ಬಜರ್ ಕೂಗಿ ಮನೆಯವರನ್ನು ಸುಮ್ಮನೆ ಎಬ್ಬಿಸೀತು.