ರಂಟೆಯಿಂದ ರಣಕ್ಕೆ: ‘ಮನೂವರ್’ ಎಂಬ ಪದದ ಹಾದಿ

ಇಂಗ್ಲಿಷಿನ ‘ಮನೂವರ್’ ಎಂಬ ಪದವನ್ನು ಕನ್ನಡಕ್ಕೆ ತರುವವರು ಸೈನ್ಯದ ಸಂದರ್ಭದಲ್ಲಿ ‘ಸಮರಾಭ್ಯಾಸ’ ಅಥವಾ ‘ವ್ಯೂಹಾತ್ಮಕ ಚಲನೆ’ ಎಂದೂ, ರಾಜಕೀಯದ ಸಂದರ್ಭದಲ್ಲಿ ‘ತಂತ್ರ’ ಅಥವಾ ‘ಕೈಚಳಕ’ ಎಂದೂ ಬರೆಯುವುದುಂಟು. ಒಂದೇ ಪದಕ್ಕೆ ಇಷ್ಟೊಂದು ರೂಪಗಳು ಬೇಕಾಗುವುದಕ್ಕೆ ಕಾರಣ ಅದು ನಡೆದು ಬಂದ ದೂರ. ಆ ನಡಿಗೆ ಶುರುವಾದದ್ದು ರಣರಂಗದಲ್ಲಲ್ಲ, ದುಡಿಯುವವರ ಕೈಯಲ್ಲಿ.

ಲ್ಯಾಟಿನ್ ಭಾಷೆಯಲ್ಲಿ ‘ಮಾನುಸ್’ ಎಂದರೆ ಕೈ, ‘ಓಪೆರಾರಿ’ ಎಂದರೆ ದುಡಿಯುವುದು. ಇವೆರಡೂ ಕೂಡಿ ‘ಕೈಯಿಂದ ಕೆಲಸ ಮಾಡು’ ಎಂಬ ಅರ್ಥದ ಕ್ರಿಯಾಪದವಾಗಿ, ಅದು ಫ್ರೆಂಚಿಗೆ ಇಳಿದು, ಹಡಗಿನ ಹಗ್ಗ ಹಾಯಿಗಳನ್ನು ನಿಭಾಯಿಸುವುದಕ್ಕೂ ಮುಂದೆ ದಂಡನ್ನು ನಡೆಸುವುದಕ್ಕೂ ಬಳಕೆಯಾಯಿತು. ಕೂಲಿಯಾಳಿಗೆ ಫ್ರೆಂಚರು ಇಂದಿಗೂ ಅದೇ ಪದವನ್ನು ಬಳಸುತ್ತಾರೆ. ಸೈನಿಕ ಅರ್ಥದಲ್ಲಿ ಅದು ಇಂಗ್ಲಿಷಿಗೆ ಬಂದದ್ದು 18ನೆಯ ಶತಮಾನದ ನಡುವಿನಲ್ಲಿ. ಆದರೆ ಅದೇ ಮೂಲದ ಇನ್ನೊಂದು ಪದ ಅದಕ್ಕಿಂತ ಮುನ್ನೂರು ವರ್ಷಗಳಿಗೂ ಹಿಂದೆ ಇಂಗ್ಲಿಷಿನಲ್ಲಿ ನೆಲೆಯೂರಿತ್ತು. ಅದೇ ‘ಮನ್ಯೂರ್’. ಮೊದಲು ಭೂಮಿಯನ್ನು ನೋಡಿಕೊಳ್ಳುವುದು, ಸಾಗು ಮಾಡುವುದು ಎಂಬ ಅರ್ಥದಲ್ಲಿದ್ದ ಈ ಪದ 16ನೆಯ ಶತಮಾನದಲ್ಲಿ ಹೊಲಕ್ಕೆ ಹಾಕುವ ಗೊಬ್ಬರದ ಹೆಸರಾಯಿತು. ತಿಪ್ಪೆಯ ಗೊಬ್ಬರವೂ ಸೇನಾಪತಿಯ ಚಾತುರ್ಯವೂ ಹೀಗೆ ಒಂದೇ ಬೇರಿನಿಂದ ಚಿಗುರಿದವು.

ಈ ನಂಟು ಜೇವರ್ಗಿಯ ರೈತರಿಗೆ ವಿಚಿತ್ರವೆನಿಸಲಾರದು, ಏಕೆಂದರೆ ಭೀಮಾ ತೀರದ ಎರೆಭೂಮಿಯಲ್ಲಿ ಜೋಳ ತೊಗರಿ ಬೆಳೆಯುವವರ ಬಾಯಲ್ಲಿರುವ ‘ಹೂಡು’ ಎಂಬ ಅಚ್ಚ ಕನ್ನಡ ಕ್ರಿಯಾಪದವೂ ಇದೇ ದಾರಿಯನ್ನು ತುಳಿದಿದೆ. ಎತ್ತಿನ ಹೆಗಲಿಗೆ ನೊಗವಿಟ್ಟು ಗಳೆ ಹೂಡುತ್ತಾರೆ, ಬಂಡಿ ಹೂಡುತ್ತಾರೆ. ಮೂರು ಕಲ್ಲು ಜೋಡಿಸಿ ಒಲೆ ಹೂಡುತ್ತಾರೆ. ಬಿಲ್ಲಿಗೆ ಬಾಣ ಹೂಡುವುದು, ದಂಡು ಬಂದು ಬಿಡಾರ ಹೂಡುವುದು, ಸಂಚು ಹೂಡುವುದು, ಕೋರ್ಟಿನಲ್ಲಿ ದಾವೆ ಹೂಡುವುದು, ವ್ಯಾಪಾರದಲ್ಲಿ ಬಂಡವಾಳ ಹೂಡುವುದು, ಇವೆಲ್ಲವುಗಳಲ್ಲಿಯೂ ಇರುವುದು ಒಂದೇ ಭಾವ: ಮುಂದಾಗಬೇಕಾದ ಕೆಲಸಕ್ಕೆ ಬೇಕಾದದ್ದನ್ನು ಮೊದಲೇ ಸರಿಯಾಗಿ ಜೋಡಿಸುವುದು. ಇದರಿಂದಲೇ ‘ಹೂಟ’ ಎಂಬ ನಾಮಪದ ಹುಟ್ಟಿತು. ಇದಕ್ಕೆ ಹೋಲಿಸಿದರೆ ‘ಕವಾಯತು’ ಬೇರೆಯದೇ ಜಾತಿಯ ಪದ. ನಿಯಮಗಳು ಎಂಬ ಅರ್ಥದ ಅರಬ್ಬಿ ಪದದಿಂದ ಬಂದ ಅದು ಶಿಸ್ತಿನ ಹೆಜ್ಜೆಯನ್ನು ಸೂಚಿಸುತ್ತದೆಯೇ ಹೊರತು ಉಪಾಯವನ್ನಲ್ಲ.

ಯುದ್ಧಶಾಸ್ತ್ರದಲ್ಲಿ ಮನೂವರ್ ಎಂದರೆ ಬರಿಯ ಓಡಾಟವಲ್ಲ. ಏಟು ಬೀಳುವ ಮೊದಲೇ ಎದುರಾಳಿಯ ಅನುಕೂಲವನ್ನು ಇಲ್ಲವಾಗಿಸುವ ಜಾಗಕ್ಕೆ ಸೈನ್ಯವನ್ನು ತಂದು ನಿಲ್ಲಿಸುವ ನಡೆ ಅದು. ಇದಕ್ಕೆ ಉದಾಹರಣೆ ಹುಡುಕಲು ಯುರೋಪಿಗೆ ಹೋಗಬೇಕಾಗಿಲ್ಲ, ಜೇವರ್ಗಿಯಿಂದ ದಕ್ಷಿಣಕ್ಕೆ ಕೃಷ್ಣೆಯ ದಡಕ್ಕೆ ಹೋದರೆ ಸಾಕು. 1565ರ ಜನವರಿಯಲ್ಲಿ, ತಾಳಿಕೋಟೆಯ ಹೆಸರಿನಿಂದ ಪ್ರಸಿದ್ಧವಾದ ಯುದ್ಧಕ್ಕೆ ಮುನ್ನ, ದಖ್ಖನಿನ ಸುಲ್ತಾನರ ಕೂಡುದಂಡು ನದಿಯ ಉತ್ತರಕ್ಕಿತ್ತು, ವಿಜಯನಗರದ ಪಡೆ ಆಚೆಯ ದಡದಲ್ಲಿ ಹಾಯ್ಗಡವನ್ನು, ಅಂದರೆ ನೀರು ಕಡಿಮೆಯಿದ್ದು ದಾಟಲು ಬರುವ ಜಾಗವನ್ನು, ಭದ್ರಪಡಿಸಿಕೊಂಡು ಕಾಯುತ್ತಿತ್ತು. ಬಿಜಾಪುರದ ಆಸ್ಥಾನದಲ್ಲಿದ್ದು ಕೆಲವು ದಶಕಗಳ ನಂತರ ಇತಿಹಾಸ ಬರೆದ ಫೆರಿಶ್ತನ ಪ್ರಕಾರ, ಸುಲ್ತಾನರು ಬೇರೆ ಕಡೆ ದಾಟುವವರಂತೆ ದಡದುದ್ದಕ್ಕೂ ಸಾಗಿದರು; ಅದನ್ನು ನಂಬಿದ ಎದುರಿನ ಪಡೆಯೂ ತನ್ನ ನೆಲೆ ಬಿಟ್ಟು ಅವರಿಗೆ ಸಮನಾಗಿ ಆಚೆ ದಡದಲ್ಲಿ ನಡೆಯಿತು; ಆಮೇಲೆ ಸುಲ್ತಾನರು ತಟ್ಟನೆ ಹಿಂದಿರುಗಿ, ಕಾವಲಿಲ್ಲದ ಮೊದಲಿನ ಹಾಯ್ಗಡದಲ್ಲಿಯೇ ನದಿಯನ್ನು ದಾಟಿದರು. ಕತ್ತಿ ಹಿರಿಯುವ ಮುಂಚೆಯೇ ನದಿಯೆಂಬ ಕೋಟೆ ವಿಜಯನಗರದ ಕೈತಪ್ಪಿತ್ತು. ಆ ಯುದ್ಧದ ಬಗ್ಗೆ ಬರೆಯುವವರು ಅದರ ಕೊನೆಯನ್ನು, ವಿಜಯನಗರದ ಪಡೆಯ ನಾಯಕ ರಾಮರಾಯನ ಸಾವನ್ನು ವಿವರಿಸುವಷ್ಟು ಈ ನಡೆಯನ್ನು ವಿವರಿಸುವುದಿಲ್ಲ, ಅದೊಂದು ಕೊರತೆಯೇ ಸರಿ.

ಇಂಥ ನಡೆಗೆ ‘ವ್ಯೂಹಾತ್ಮಕ ಚಲನೆ’ ಎಂಬ ಭಾರವಾದ ಸಮಾಸಕ್ಕಿಂತ ‘ಹೂಟ’ ಎಂಬ ಎರಡಕ್ಷರ ಹೆಚ್ಚು ಒಪ್ಪುತ್ತದೆ. ಪಿತೂರಿಯ ಛಾಯೆ ಅದಕ್ಕೆ ಅಂಟಿಕೊಂಡಿರುವುದು ನಿಜ, ಆದರೆ ರಾಜಕೀಯದಲ್ಲಿ ಬಳಸುವಾಗ ಮನೂವರ್‌ಗೂ ಅದೇ ಛಾಯೆ ಇದೆ. ದುಡಿಯುವ ಕೈಯಲ್ಲಿ ಹುಟ್ಟಿ ರಣಕ್ಕೂ ಚಾವಡಿಗೂ ಹೋದ ಪರದೇಶದ ಪದವೊಂದಕ್ಕೆ, ಅದೇ ಹಾದಿಯಲ್ಲಿ ನಡೆದ ಕನ್ನಡದ ಪದ ಮೊದಲೇ ಸಿದ್ಧವಿದೆ.